ಸ್ಪಷ್ಟನೆ: ವಿಮಾನದ ಬಿರುಕಿಗೆ ವೆಲ್ಡಿಂಗ್ ಮದ್ದಲ್ಲ

‘ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ, ಹಳೆಯ ಸೆಸ್ನಾ ವಿಮಾನದ ರೆಕ್ಕೆ ಬಿರುಕು ಬಿಟ್ಟರೆ ವೆಲ್ಡಿಂಗ್ ಸಾಕು’ ಎಂಬ ಸಂದೇಶ ಮಂಗಳೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಜೀವದ ಪ್ರಶ್ನೆಯಾದ್ದರಿಂದ ಸುಮ್ಮನಿರಲಾಗಲಿಲ್ಲ.

ಕೆಂಪು ತುಕ್ಕು ಬಾರದು, ನಿಜ. ಆದರೆ ಇಂಥ ವಿಮಾನಗಳ ಹೊದಿಕೆಗೆ ಬಳಸುವ ‘2024’ ಎಂಬ ಸಂಖ್ಯೆಯ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಸುಮಾರು ಶೇ 4ರಷ್ಟು ತಾಮ್ರವಿದೆ. ಪಣಂಬೂರಿನಂಥ ಕಡಲಂಚಿನ ಉಪ್ಪುಗಾಳಿ ತಗಲಿದರೆ ಅದು ಒಳಗೊಳಗೇ ಸವೆಯುತ್ತದೆ. ಬಣ್ಣ ಗುಳ್ಳೆ ಎದ್ದಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತದೆ. ತಗಡುಗಳನ್ನು ಬೆಸೆಯುವ ರಿವೆಟ್ ಮೊಳೆಯ ಸುತ್ತ ಕಪ್ಪು ಗೆರೆ ಕಂಡರೆ ಅದು ಸಡಿಲಾಗಿದೆಯೆಂದೇ ಅನುಮಾನಿಸಬೇಕು.

ವೆಲ್ಡಿಂಗ್ ಕಾವಿಗೆ ಈ ಲೋಹ ಇದ್ದ ಬಲವನ್ನೇ ಕಳೆದುಕೊಳ್ಳುತ್ತದೆ. ಕೆಟ್ಟ ಭಾಗ ಕತ್ತರಿಸಿ, ತಯಾರಕರ ಕೈಪಿಡಿಯಲ್ಲಿ ಹೇಳಿದ ತಗಡಿಟ್ಟು ರಿವೆಟ್ ಹೊಡೆಯಬೇಕು. ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯಾದ ಸ್ಪಾರ್‌ನಲ್ಲೇ ಬಿರುಕಿದ್ದರೆ, ಪರವಾನಗಿ ಪಡೆದ ಎಂಜಿನಿಯರ್ ಸಹಿ ಹಾಕುವವರೆಗೆ ದಯವಿಟ್ಟು ಯಾರೂ ಆ ವಿಮಾನ ಹತ್ತಬೇಡಿ.