ಮರಳುಗಾಡಿನ ರೆಸಾರ್ಟಿಗೆ ಹೋಗೋಣ, ಹಸಿರು ಹುಲ್ಲಿನ ಹಟ ಬಿಡೋಣ

ಚಳಿಗಾಲ ಹತ್ತಿರ ಬಂತೆಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡ ಗುಂಪುಗಳಲ್ಲಿ ಇದೇ ಮಾತು: ಪಾಮ್ ಸ್ಪ್ರಿಂಗ್ಸ್ ಕಡೆ ಯಾವ ರೆಸಾರ್ಟ್ ಚೆನ್ನಾಗಿದೆ, ಗಾಲ್ಫ್ ಇದೆಯೇ, ಸ್ಪಾ ಹೇಗಿದೆ, ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತಾರೆಯೇ? ಪಾಮ್ ಸ್ಪ್ರಿಂಗ್ಸ್ ಇರುವ ಕೋಚೆಲ್ಲಾ ಮರಳುಗಾಡಿನ ಕಣಿವೆಯೆಂದರೆ ನನಗೆ ಪ್ರಾಣ. ಕೇಳಿದವರಿಗೆಲ್ಲ ಖುಷಿಯಿಂದ ಹೇಳುತ್ತಲೇ ಬಂದಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಈ ಸಲ ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಕೋಚೆಲ್ಲಾ ಕಣಿವೆಯ ರೆಸಾರ್ಟುಗಳಲ್ಲಿ ಟೆನಿಸ್ ಇರಲಿ, ಸ್ಪಾ ಇರಲಿ, ಗಾಲ್ಫೂ ಇರಲಿ. ಚಳಿಗಾಲದುದ್ದಕ್ಕೂ ಆ ಗಾಲ್ಫ್ ಅಂಗಳ ಈ ತುದಿಯಿಂದ ಆ ತುದಿಯವರೆಗೆ ಹಚ್ಚಹಸಿರಾಗಿಯೇ ಇರಬೇಕೆಂಬ ಹಟ ಮಾತ್ರ ನಿಲ್ಲಬೇಕು. ಆ ಹಟ ರೆಸಾರ್ಟಿನವರಿಗಿಂತ ಅತಿಥಿಗಳದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಆ ಕಣಿವೆಯ ಮೊದಲ ಕಾಲದ ರೆಸಾರ್ಟ್ ಹೇಗಿತ್ತೆಂದು ನೋಡಬೇಕಾದರೆ ಲಾ ಕಿಂಟಾ ಹೋಟೆಲಿಗೆ ಹೋಗಬೇಕು. 1926ರಲ್ಲಿ ವಾಲ್ಟರ್ ಮಾರ್ಗನ್ ಎಂಬವರು ಸಾಂತಾ ರೋಸಾ ಬೆಟ್ಟಗಳ ಬುಡದಲ್ಲಿ ತೆರೆದ ಹೋಟೆಲ್ ಅದು. ವಾಸ್ತುಶಿಲ್ಪಿ ಗಾರ್ಡನ್ ಕಾಫ್‌ಮನ್. ಮುಂದೆ ಹೂವರ್ ಅಣೆಕಟ್ಟಿಗೆ ಇಂದಿನ ರೂಪ ಕೊಟ್ಟವರೂ ಅವರೇ. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಅದಕ್ಕೆ ಸುಣ್ಣದ ಬಿಳುಪು, ಮೇಲೆ ಹೆಂಚು, ನಡುವೆ ಅಂಗಳ, ಅಂಗಳದಲ್ಲಿ ಕಿತ್ತಳೆ ಮತ್ತು ನಿಂಬೆ ಗಿಡಗಳು. ಇಟ್ಟಿಗೆ ಹೆಂಚುಗಳನ್ನೂ ಅಲ್ಲಿನ ಮಣ್ಣಿನಿಂದಲೇ ಮಾಡಿದ್ದರು. ಮಧ್ಯಾಹ್ನ ಆ ಹಳೆಯ ಮನೆಗಳ ಒಳಗೆ ಕಾಲಿಟ್ಟರೆ ತಂಪು ಕಾಲಿನಿಂದಲೇ ಏರುತ್ತದೆ. ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಅಲ್ಲೇ ಕುಳಿತು ಚಿತ್ರಕಥೆ ಬರೆಯುತ್ತಿದ್ದರು. 1982ರಲ್ಲಿ ಸುತ್ತಲಿನ ಊರು ನಗರವಾದಾಗ ಹೋಟೆಲಿನ ಹೆಸರನ್ನೇ ಇಟ್ಟುಕೊಂಡಿತು. ಮರಳುಗಾಡನ್ನು ಅರಿತು ಕಟ್ಟಿದ ಐಷಾರಾಮ ಅದು. ಅದರ ಬಗ್ಗೆ ನನ್ನ ತಕರಾರು ಒಂದಿಷ್ಟೂ ಇಲ್ಲ.

ಟೆನಿಸ್ ಬಗ್ಗೆಯೂ ಇಲ್ಲ. 1980ರ ದಶಕದಲ್ಲಿ ದೊಡ್ಡ ಟೂರ್ನಿ ಇದೇ ಲಾ ಕಿಂಟಾ ಹೋಟೆಲಿನ ಅಂಗಳಗಳಲ್ಲಿ ನಡೆಯುತ್ತಿತ್ತು. ಆಮೇಲೆ ಪಕ್ಕದ ಇಂಡಿಯನ್ ವೆಲ್ಸ್‌ಗೆ ಹೋಯಿತು; 2000ದಲ್ಲಿ ಅಲ್ಲಿ 16,100 ಮಂದಿ ಕೂರುವ ಕ್ರೀಡಾಂಗಣ ಎದ್ದಿತು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2023ರ ಮಾರ್ಚಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಗೆದ್ದದ್ದು ಅಲ್ಲಿಯೇ. ಆಗ ಅವರಿಗೆ 43 ವರ್ಷ. ಗ್ರ್ಯಾಂಡ್‌ಸ್ಲಾಮ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮಾಸ್ಟರ್ಸ್ 1000 ಮಟ್ಟದ ಪ್ರಶಸ್ತಿ ಗೆದ್ದ ಅತಿ ಹಿರಿಯ ಆಟಗಾರ ಎಂಬ ದಾಖಲೆ ಬರೆದರು. ಆ ದಿನ ನಮ್ಮ ಮನೆಯಲ್ಲಿ ಹಬ್ಬ. ಅಲ್ಲಿನ ಒಣ ಗಾಳಿಯಲ್ಲಿ ಚೆಂಡು ಎದೆಯೆತ್ತರಕ್ಕೆ ಪುಟಿಯುತ್ತದೆ, ಬೆಳಗಿನ ಏಳು ಗಂಟೆಗೆ ಬೆಟ್ಟದ ನೆರಳು ಅಂಗಳದ ಮೇಲಿರುತ್ತದೆ, ಆಡಿದಷ್ಟೂ ಸಾಲದು. ಗಟ್ಟಿ ನೆಲದ ಟೆನಿಸ್ ಅಂಗಳ ನೀರು ಕೇಳುವುದಿಲ್ಲ, ಗುಡಿಸಿದರೆ ಸಾಕು.

ಸ್ಪಾ ಎಂಬುದು ಆ ಕಣಿವೆಯಲ್ಲಿ ರೆಸಾರ್ಟಿನವರು ತಂದ ಹೊಸ ಶೋಕಿಯೇನಲ್ಲ. ಪಾಮ್ ಸ್ಪ್ರಿಂಗ್ಸ್ ನಡುಪೇಟೆಯಲ್ಲಿರುವ ಬಿಸಿನೀರಿನ ಬುಗ್ಗೆ ಕವೀಯ ಮೂಲನಿವಾಸಿಗಳಿಗೆ ಪವಿತ್ರ ಸ್ಥಳ. ಆಗ್ವಾ ಕಲಿಯೆಂತೆ ಎಂಬ ಅವರ ಪಂಗಡ 2023ರಲ್ಲಿ ಅದೇ ಬುಗ್ಗೆಯ ನೀರಿಗೆ ಹೊಸ ಸ್ಪಾ ಕಟ್ಟಿ ತೆರೆದಿದೆ, ಪಕ್ಕದಲ್ಲೇ ತಮ್ಮ ಚರಿತ್ರೆಯ ವಸ್ತುಸಂಗ್ರಹಾಲಯವನ್ನೂ ಇಟ್ಟಿದೆ. ಮೊದಲು ವಸ್ತುಸಂಗ್ರಹಾಲಯ ನೋಡಿ, ಆಮೇಲೆ ನೀರಿಗಿಳಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬುಗ್ಗೆಯ ಸುತ್ತಲಿನ ಒಂದು ಚದರ ಮೈಲಿ ಜಾಗವನ್ನು ಸೆಕ್ಷನ್ 14 ಎನ್ನುತ್ತಾರೆ. 1950–60ರ ದಶಕಗಳಲ್ಲಿ ಅಲ್ಲಿ ಬಾಡಿಗೆಗಿದ್ದ ಕಪ್ಪು ಜನರ, ಮೆಕ್ಸಿಕನ್ ಮೂಲದವರ ಮನೆಗಳನ್ನು ಕೆಡವಿ ಸುಟ್ಟರು. ಹೋಟೆಲುಗಳ ಕೋಣೆ ಗುಡಿಸುತ್ತಿದ್ದವರು, ತೋಟ ನೋಡಿಕೊಳ್ಳುತ್ತಿದ್ದವರು ಆ ಮನೆಗಳವರು. ನಗರಾಡಳಿತ ಕ್ಷಮೆ ಕೇಳಿದ್ದು 2021ರಲ್ಲಿ. 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ.

ಇನ್ನು ಹುಲ್ಲಿನ ವಿಷಯ. ನನ್ನ ಮನಸ್ಸನ್ನು ಕೊರೆಯುತ್ತಿರುವುದು ಇದೇ.

ಬೇಸಿಗೆಯಲ್ಲಿ ಅಲ್ಲಿನ ಗಾಲ್ಫ್ ಅಂಗಳಗಳಲ್ಲಿ ಇರುವುದು ಬರ್ಮುಡಾ ಹುಲ್ಲು. ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಗರಿಕೆಯ ಗುಣ ನಮಗೆ ಹೇಳಿಕೊಡಬೇಕಾಗಿಲ್ಲ: ಬಿಸಿಲನ್ನು ತಡೆದುಕೊಳ್ಳುತ್ತದೆ, ಚಳಿಗೆ ಒಣಗಿದಂತೆ ಕಂದಾಗುತ್ತದೆ, ಬೇರು ಮಾತ್ರ ಜೀವಂತವಾಗಿರುತ್ತದೆ. ಆದರೆ ಅಲ್ಲಿ ಪ್ರವಾಸಿಗರು ಬರುವುದೇ ಚಳಿಗಾಲದಲ್ಲಿ. ಅವರಿಗೆ ಕಂದು ಬಣ್ಣ ಆಗದು. ಆದ್ದರಿಂದ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಅಂಗಳವನ್ನು ಕೆಲವು ವಾರ ಮುಚ್ಚಿ, ಗರಿಕೆಯನ್ನು ನೆಲಮಟ್ಟಕ್ಕೆ ಬೋಳಿಸಿ, ಅದರ ಮೇಲೆ ಚಳಿಯಲ್ಲೂ ಹಸಿರಾಗಿರುವ ರೈ ಹುಲ್ಲಿನ ಬೀಜ ಚೆಲ್ಲುತ್ತಾರೆ.

ಒಂದು ಅಕ್ಟೋಬರಿನಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಕಟಾವಿನ ಯಂತ್ರದ ಅಲಗನ್ನು ತಗ್ಗಿಸಿ ಓಡಿಸುತ್ತಿದ್ದರು. ಹಿಂದೆ ಕೆಂಧೂಳು ಮನೆಯೆತ್ತರಕ್ಕೆ ಏಳುತ್ತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದ ಕೆಲಸಗಾರರು ಬೋಳಿಸಿದ ಒಣಹುಲ್ಲನ್ನು ಗುಡ್ಡೆ ಹಾಕುತ್ತಿದ್ದರು. ಅತ್ತ ಬೀಜ ಬಿದ್ದ ಕಡೆ ನೀರಿನ ಚಿಮ್ಮುಗಗಳು (ಸ್ಪ್ರಿಂಕ್ಲರುಗಳು) ಸ್ವಲ್ಪ ಹೊತ್ತಿಗೊಮ್ಮೆ ಎದ್ದು ತಿರುಗುತ್ತಿದ್ದವು. ಬೀಜ ಮೊಳೆಯುವ ತನಕ ಮೇಲ್ಮಣ್ಣು ಒಣಗಲೇಬಾರದು, ಅದಕ್ಕೆ ಹಗಲಿಗೆ ಹಲವು ಬಾರಿ ನೀರು. ಹೊರಗೆ ಇನ್ನೂ ಕುದಿಯುವ ಸೆಕೆ. ಚಿಮ್ಮಿದ ನೀರಿನಲ್ಲಿ ಒಂದು ಪಾಲು ನೆಲ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತಿತ್ತು. ಕೆಲಸಗಾರರೊಬ್ಬರು ಬಗ್ಗಿ ಮಣ್ಣು ಕೆದಕಿ, ಬಿಳಿ ಬೇರು ಎತ್ತಿ ತೋರಿಸಿದರು. ಕೆಳಗಿನ ಹುಲ್ಲು ಸತ್ತಿಲ್ಲ, ಬೇಸಿಗೆಗೆ ಮತ್ತೆ ಇದೇ ಬರುತ್ತದೆ ಎಂದರು. ಹಾಗಾದರೆ ಈ ಕಸರತ್ತು ಬಣ್ಣಕ್ಕಾಗಿ ಮಾತ್ರವೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು.

ವರ್ಷಕ್ಕೆ ಸುಮಾರು 3 ಇಂಚು ಮಳೆ ಬೀಳುವ ಜಾಗ ಅದು. 2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ ತಾಪಮಾನ 51 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಕಣಿವೆಯಲ್ಲಿ ಸುಮಾರು 120 ಗಾಲ್ಫ್ ಅಂಗಳಗಳಿವೆ. 1986ರಲ್ಲಿ ಗಾಲ್ಫ್ ಅಂಗಳಗಳ ವಿನ್ಯಾಸಕ ಪೀಟ್ ಡೈ ಲಾ ಕಿಂಟಾದಲ್ಲಿ ಕಟ್ಟಿದ ಪ್ರಸಿದ್ಧ ಅಂಗಳದಲ್ಲಿ ಚೆಂಡು ಹಾಕುವ 17ನೇ ಗುಳಿ ಸುತ್ತಲೂ ನೀರಿರುವ ನಡುಗಡ್ಡೆಯ ಮೇಲಿದೆ. ಈ ನೀರೆಲ್ಲ ಎಲ್ಲಿಂದ ಬಂತು? ಬಹುಕಾಲ ನೆಲದಡಿಯಿಂದ. ಕವೀಯರು ಇಳಿಜಾರು ತೋಡಿ ಕಾಲ್ನಡಿಗೆಯಲ್ಲೇ ನೀರಿನವರೆಗೆ ಇಳಿಯುವಂಥ ಬಾವಿಗಳನ್ನು ಮಾಡಿಕೊಂಡಿದ್ದರು, ಹೆಚ್ಚುಕಡಿಮೆ ನಮ್ಮ ಕಲ್ಯಾಣಿಗಳ ಹಾಗೆ. ನೀರು ಅಷ್ಟು ಮೇಲಿತ್ತು. ಪಂಪುಗಳು ಎತ್ತಿ ಎತ್ತಿ, 1995ರಿಂದ 2010ರ ನಡುವೆ ಪಾಮ್ ಡೆಸರ್ಟ್, ಇಂಡಿಯನ್ ವೆಲ್ಸ್, ಲಾ ಕಿಂಟಾಗಳ ಕೆಲವು ಭಾಗಗಳಲ್ಲಿ ನೆಲವೇ ಒಂದರಿಂದ ಎರಡು ಅಡಿಯಷ್ಟು ಕುಸಿಯಿತೆಂದು ಅಮೆರಿಕದ ಭೂಗರ್ಭ ಸರ್ವೇಕ್ಷಣಾಲಯ ಅಳೆದು ಹೇಳಿದೆ. ರೆಸಾರ್ಟುಗಳು ನಿಂತಿರುವ ನೆಲ ಅದು!

ಆಮೇಲೆ ಪರಿಸ್ಥಿತಿ ಸುಧಾರಿಸಿತು ಎಂಬುದನ್ನೂ ಹೇಳಬೇಕು. ಕಾಲುವೆಯಲ್ಲಿ ಕೊಲೊರಾಡೊ ನದಿಯ ನೀರು ತಂದು 2009ರಿಂದ ಲಾ ಕಿಂಟಾ ಬಳಿಯ ಹೊಂಡಗಳಲ್ಲಿ ಇಂಗಿಸುತ್ತಿದ್ದಾರೆ, ಹಲವು ಗಾಲ್ಫ್ ಅಂಗಳಗಳಿಗೆ ಬಾವಿಯ ಬದಲು ಕಾಲುವೆಯ ನೀರನ್ನೇ ಕೊಡುತ್ತಿದ್ದಾರೆ. ಅಂತರ್ಜಲ ಬಹುಪಾಲು ಕಡೆ ಮೇಲೆ ಬಂದಿದೆ. ಆದರೆ ಕೊಲೊರಾಡೊ ನದಿಯ ಸ್ಥಿತಿ ಏನು? 2021ರಲ್ಲಿ ಸರ್ಕಾರ ಇತಿಹಾಸದಲ್ಲಿ ಮೊದಲ ಬಾರಿಗೆ ಆ ನದಿಯ ನೀರಿಗೆ ಅಧಿಕೃತವಾಗಿ ಕೊರತೆ ಘೋಷಿಸಿತು. ಮರುವರ್ಷ ಅದೇ ನದಿಯ ಮೀಡ್ ಜಲಾಶಯ, ತಾನು ಮೊದಲು ತುಂಬಿದ ಕಾಲದಿಂದೀಚೆಗಿನ ಅತಿ ಕೆಳಮಟ್ಟಕ್ಕೆ ಇಳಿಯಿತು. ಬತ್ತುತ್ತಿರುವ ನದಿಯನ್ನು ನಂಬಿಕೊಂಡು ಬಣ್ಣಕ್ಕಾಗಿ ಬೀಜ ಬಿತ್ತುತ್ತಿದ್ದೇವೆ.

ನಮ್ಮ ಭಾವ ಗಾಲ್ಫ್ ಆಡುವವರು. ಇದನ್ನೆಲ್ಲ ಹೇಳಿದಾಗ ಅವರು ಸಿಟ್ಟಾಗಲಿಲ್ಲ, ವಾದ ಹೂಡಿದರು. “ನೋಡಮ್ಮಾ, ಈ ಕಣಿವೆಯ ಸಾವಿರಾರು ಸಂಸಾರ ನಡೆಯುವುದೇ ಗಾಲ್ಫ್‌ನಿಂದ. ನೀರನ್ನು ಗಾಲ್ಫ್‌ಗಿಂತ ಎಷ್ಟೋ ಪಾಲು ಹೆಚ್ಚು ಕುಡಿಯುವುದು ದನದ ಮೇವಿನ ಕುದುರೆಮಸಾಲೆ ಸೊಪ್ಪು. ಅವರನ್ನು ಬಿಟ್ಟು ನಮ್ಮನ್ನೇ ಯಾಕೆ ಹಿಡಿದುಕೊಂಡಿದ್ದೀಯ?” ಎಂದರು. ಅವರ ಎರಡು ಮಾತೂ ನಿಜ. ಕೊಲೊರಾಡೊ ನೀರಿನ ದೊಡ್ಡ ಪಾಲು ಹೊಲಗಳಿಗೇ ಹೋಗುತ್ತದೆ. ಆದರೆ ಮೇವಿನಿಂದ ಹಾಲು ಬರುತ್ತದೆ, ರೈ ಹುಲ್ಲಿನಿಂದ ಏನು ಬರುತ್ತದೆ? “ಭಾವ, ಚೆಂಡು ಕಂದು ಹುಲ್ಲಿನ ಮೇಲೆ ಉರುಳುವುದಿಲ್ಲವೇ?” ಎಂದು ಕೇಳಿದೆ. “ಉರುಳುತ್ತದೆ, ಇನ್ನೂ ದೂರ ಹೋಗುತ್ತದೆ,” ಎಂದು ಅವರೇ ಒಪ್ಪಿಕೊಂಡರು. ಗಟ್ಟಿ ಒಣನೆಲದಲ್ಲಿ ಚೆಂಡು ಓಡುತ್ತದೆ, ಅದರದ್ದೇ ಒಂದು ಚೆಂದದ ಆಟವಿದೆ ಎಂದೂ ಹೇಳಿದರು. ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನ ಕಡಲತೀರದ ಅಂಗಳಗಳೂ ಬೇಸಿಗೆಯಲ್ಲಿ ಕಂದಾಗುತ್ತವೆ, ಜನ ಅಲ್ಲಿ ಆಡುವುದನ್ನು ಭಾಗ್ಯವೆಂದುಕೊಳ್ಳುತ್ತಾರೆ.

ಪಕ್ಕದ ಅರಿಜೋನಾ ರಾಜ್ಯ ಇದನ್ನು ಕಾನೂನಿಗೇ ತಂದಿದೆ. 1980ರ ಅಂತರ್ಜಲ ಕಾಯ್ದೆಯ ನಂತರ ಫೀನಿಕ್ಸ್ ಸುತ್ತ ಬಂದ ಹೊಸ ಗಾಲ್ಫ್ ಅಂಗಳಗಳಿಗೆ 18 ಗುಳಿಯ ಪೂರ್ಣ ಅಂಗಳಕ್ಕೆ ಸುಮಾರು 90 ಎಕರೆ ಹುಲ್ಲು ಎಂಬ ಲೆಕ್ಕದಲ್ಲಿ ನೀರು. ಉಳಿದ ಜಾಗದಲ್ಲಿ ಸಗ್ವಾರೊ ಕಳ್ಳಿ, ಪೊದೆ, ಮರಳು. ಸ್ಕಾಟ್ಸ್‌ಡೇಲ್‌ನ ದುಬಾರಿ ರೆಸಾರ್ಟುಗಳಿಗೆ ಅದರಿಂದ ನಷ್ಟವೇನೂ ಆಗಿಲ್ಲ. ಆ ಕಳ್ಳಿಗಳ ನಡುವಿನ ಆಟಕ್ಕೆಂದೇ ಜನ ಹೋಗುತ್ತಾರೆ. ಕೋಚೆಲ್ಲಾ ಕಣಿವೆಯಲ್ಲೂ ಜನ ಬಾಯಿ ಬಿಟ್ಟು ಕೇಳಿದಾಗ ಬದಲಾವಣೆ ಆಗಿದೆ. 2022ರಲ್ಲಿ ಲಾ ಕಿಂಟಾದಲ್ಲಿ ಸಮುದ್ರದಲೆಯ ಕೃತಕ ಕೊಳವಿರುವ ರೆಸಾರ್ಟ್ ಕಟ್ಟುವ ಯೋಜನೆ ಬಂದಾಗ ನಿವಾಸಿಗಳು ಎದ್ದು ನಿಂತರು, ನಗರಸಭೆ ಅದನ್ನು ತಿರಸ್ಕರಿಸಿತು. ಆಗ್ವಾ ಕಲಿಯೆಂತೆ ಜನ ನೀರಿನ ಸಂಸ್ಥೆಗಳ ಮೇಲೆ 2013ರಲ್ಲಿ ಮೊಕದ್ದಮೆ ಹೂಡಿ, ತಮ್ಮ ನೆಲದಡಿಯ ನೀರಿನ ಮೇಲೆ ತಮಗೆ ಹಕ್ಕಿದೆಯೆಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಹೇಳಿಸಿಕೊಂಡರು.

ರೆಸಾರ್ಟಿನಿಂದ ಕಾರಿನಲ್ಲಿ ಅರ್ಧ ಗಂಟೆ ಪೂರ್ವಕ್ಕೆ ಹೋದರೆ ಥರ್ಮಲ್, ಮೆಕ್ಕಾ ಎಂಬ ಊರುಗಳು. ಖರ್ಜೂರದ ತೋಟ, ದ್ರಾಕ್ಷಿ ತೋಟಗಳಲ್ಲಿ ದುಡಿಯುವವರು ಅಲ್ಲಿ ಟ್ರೇಲರ್ ಮನೆಗಳಲ್ಲಿ ಇರುತ್ತಾರೆ. ಅಲ್ಲಿನ ಒಂದು ದೊಡ್ಡ ವಸತಿಯ ಬಾವಿನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿದೆಯೆಂದು 2019ರಲ್ಲಿ ಕೇಂದ್ರದ ಪರಿಸರ ಸಂಸ್ಥೆ ತುರ್ತು ಆದೇಶ ಹೊರಡಿಸಬೇಕಾಯಿತು. ಜನ ಬಾಟಲಿ ನೀರಿಗೆ ಸಾಲು ನಿಂತರು. ಒಂದೇ ಕಣಿವೆ, ಒಂದೇ ಅಂತರ್ಜಲ. ಅತ್ತ ಚಿಮ್ಮುಗಗಳು, ಇತ್ತ ಬಾಟಲಿಗಳು. ಇದನ್ನು ನೋಡಿಯೂ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಈಗ ಕೆಲವು ರೆಸಾರ್ಟುಗಳು ಆಟಕ್ಕೆ ಬೇಕಾದಷ್ಟು ಜಾಗದಲ್ಲಿ ಮಾತ್ರ ರೈ ಹುಲ್ಲು ಬಿತ್ತಿ, ಅಂಚುಗಳನ್ನು ಕಂದಾಗಲು ಬಿಡುತ್ತಿವೆ. ಅತಿಥಿಗಳು ದೂರುತ್ತಾರೆಂಬ ಭಯದಲ್ಲಿ ಉಳಿದವರು ಮುಂದೆ ಬರುತ್ತಿಲ್ಲ. ಆದ್ದರಿಂದ ಈ ಚಳಿಗಾಲಕ್ಕೆ ಕೋಣೆ ಕಾಯ್ದಿರಿಸುವ ಗೆಳೆಯರೇ, ಫೋನಿನಲ್ಲಿ ದರ ಕೇಳುವಾಗ ಇನ್ನೆರಡು ಪ್ರಶ್ನೆ ಕೇಳಿ: ಅಕ್ಟೋಬರಿನಲ್ಲಿ ಎಷ್ಟು ಎಕರೆಗೆ ಬೀಜ ಹಾಕುತ್ತೀರಿ, ನೀರು ಬಾವಿಯದೋ ಕಾಲುವೆಯದೋ? ಕಂದು ಹುಲ್ಲಾದರೂ ನಾವು ಬರುತ್ತೇವೆ ಎಂದೂ ಹೇಳಿ. ಭಾವ ಮತ್ತು ಅವರ ಗಾಲ್ಫ್ ಗೆಳೆಯರು ತಾವು ಪ್ರತಿವರ್ಷ ಹೋಗುವ ಕಡೆಗೆ ಇದನ್ನೇ ಪತ್ರದಲ್ಲಿ ಬರೆದು ಕಳಿಸಿದ್ದಾರೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ನಿಮಗೆ ಸಿಕ್ಕ ಉತ್ತರವನ್ನೂ ಕೆಳಗೆ ಬರೆಯಿರಿ, ಎಲ್ಲರಿಗೂ ಉಪಯೋಗವಾಗುತ್ತದೆ.