ಸತ್ಯಾಂಶ: ಉದುರುವ ಹಾಲುಹಲ್ಲಿಗೂ ಚಿಕಿತ್ಸೆ ಬೇಕು

‘ಹಾಲುಹಲ್ಲು ಹೇಗೂ ಉದುರುತ್ತದೆ, ಹುಳುಕಾದರೆ ಲವಂಗದ ಎಣ್ಣೆ ಹಚ್ಚಿ, ದವಾಖಾನೆಗೆ ದುಡ್ಡು ಸುರಿಯಬೇಡಿ’ ಎಂಬ ಸಂದೇಶ ಹಾಸನದ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹರಿದಾಡುತ್ತಿದೆ.

ಇದರಲ್ಲಿ ಅರ್ಧ ಮಾತ್ರ ನಿಜ. ಮುಂದಿನ ಹಾಲುಹಲ್ಲುಗಳು 6–7ನೇ ವಯಸ್ಸಿನಲ್ಲಿ ಬಿದ್ದರೂ ಅಗಿಯುವ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಉಳಿಯಬೇಕಾದವು. ಅವು ಮೊದಲೇ ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿ, ಶಾಶ್ವತ ಹಲ್ಲು ಓರೆಯಾಗಿ ಹುಟ್ಟಬಹುದು, ಬೇರಿನಲ್ಲಿ ಕೀವು ಕಟ್ಟಿದರೆ ಒಳಗೆ ಬೆಳೆಯುತ್ತಿರುವ ಆ ಹಲ್ಲಿನ ಎನಾಮಲ್‌ಗೂ (ಹೊರಗಿನ ಗಟ್ಟಿ ಪದರ) ಹಾನಿಯಾಗಬಹುದು. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ, ಹುಳುಕನ್ನು ನಿಲ್ಲಿಸುವುದಿಲ್ಲ. ಮಗುವಿನ ಒಸಡನ್ನು ಅದು ಸುಡಬಹುದು, ನುಂಗಿದರೆ ಅಪಾಯಕಾರಿ.

ಹುಳುಕಿಗೆ ಕಾರಣ, ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ತಯಾರಿಸುವ ಆಮ್ಲ. ಹಾಲುಹಲ್ಲಿನ ಎನಾಮಲ್ ತೆಳುವಾದ್ದರಿಂದ ಹುಳುಕು ಬೇಗ ಒಳಗಿಳಿಯುತ್ತದೆ. ನಸುಕಿನಲ್ಲೇ ಕೂಲಿಗೆ ಹೊರಡಬೇಕಾದ ತಾಯಿ ಮಗುವನ್ನು ಮಲಗಿಸಲು ಸಕ್ಕರೆ ಹಾಲಿನ ಬಾಟಲಿ ಕೊಡುವುದನ್ನು ಉದಾಸೀನವೆಂದು ಕರೆಯುವುದು ನ್ಯಾಯವಲ್ಲ, ಆದರೂ ನಿದ್ದೆಯಲ್ಲಿ ಹಲ್ಲನ್ನು ತೊಳೆಯುವ ಜೊಲ್ಲು ಕಡಿಮೆಯಾಗುವುದರಿಂದ ಆ ಬಾಟಲಿಯೇ ಹೆಚ್ಚು ಕೆಡುಕು ಮಾಡುತ್ತದೆ.

ಮೊದಲ ಹಲ್ಲು ಮೂಡಿದಾಗಿನಿಂದ ದಿನಕ್ಕೆ 2 ಬಾರಿ, 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ದೊಡ್ಡವರೇ ಉಜ್ಜಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ 2 ಬಾರಿ ನಡೆಯಬೇಕಾದ ತಪಾಸಣೆಯಲ್ಲಿ ಹಲ್ಲಿನ ಪರೀಕ್ಷೆಯೂ ಸೇರಿದೆ, ಅದಕ್ಕೆ ಶುಲ್ಕವಿಲ್ಲ.