ಲ್ಯಾವೆಂಡರಿಗೆ ನಮ್ಮ ಅಕ್ಕರೆ ಆಗಿಬರುವುದಿಲ್ಲ

ಇಂಗ್ಲೆಂಡಿನ ರೆಡಿಂಗಿಗೆ ಬಂದ ವರ್ಷ ಲ್ಯಾವೆಂಡರ್ ಬೀಜ ಹಾಕಿದ್ದು, ಊರಲ್ಲಿ ಅಮ್ಮ ಮೆಂತ್ಯ ಹಾಕುವ ಹಾಗೆ. ಕುಂಡದ ತುಂಬ ಮಣ್ಣು, ಎರಡು ಹಿಡಿ ಗೊಬ್ಬರ, ಬೀಜ ಉದುರಿಸಿ ಮೇಲೆ ಮಣ್ಣು ಮುಚ್ಚಿ, ಬೆಳಿಗ್ಗೆ ಸಂಜೆ ನೀರು. ಮೆಂತ್ಯವಾಗಿದ್ದರೆ ನಾಲ್ಕನೇ ದಿನ ತಲೆ ಎತ್ತಿರೋದು. ಇಲ್ಲಿ ಒಂದೂವರೆ ತಿಂಗಳಿಗೆ ಬಂದಿದ್ದು ಪಾಚಿ ಮಾತ್ರ.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಇಣುಕಿ ಕೇಳಿದ್ದು ಒಂದೇ ಪ್ರಶ್ನೆ: "ಫ್ರಿಜ್ಜಲ್ಲಿ ಇಟ್ಟಿದ್ಯಾ?"

ಅವರೆಬೀಜಕ್ಕೆ ಬೂದಿ ಸವರಿ ಎತ್ತಿಡುವುದು ಗೊತ್ತು, ಫ್ರಿಜ್ಜಿನ ಕಥೆ ಕೇಳಿದ್ದು ಅದೇ ಮೊದಲು. ಚಳಿಗಾಲ ಕಳೆದಿದೆ ಅಂತ ಅನ್ನಿಸಿದರೆ ಈ ಬೀಜ ಚೆನ್ನಾಗಿ ಎಚ್ಚರವಾಗುವುದಂತೆ. ಮರುವರ್ಷ ಒದ್ದೆ ಮರಳಿನಲ್ಲಿ ಕಲಸಿ, ಡಬ್ಬಿಯ ಮೇಲೆ ತಾರೀಖು ಬರೆದು, ದೋಸೆಹಿಟ್ಟಿನ ಪಕ್ಕ ನಾಲ್ಕು ವಾರ ಇಟ್ಟೆ. ಆಮೇಲೆ ಅದನ್ನು ಮಣ್ಣಿನ ಮೇಲೆ ಹರಡಿದೆ, ಮುಚ್ಚಲಿಲ್ಲ, ಯಾಕೆಂದರೆ ಮೊಳೆಯಲು ಬೆಳಕು ಬೇಕು. 20 ಡಿಗ್ರಿಯ ಆಸುಪಾಸಿನಲ್ಲಿರುವ ಕಿಟಕಿಯ ಪಕ್ಕ ಮೂರನೇ ವಾರ ಸಾಸಿವೆ ಗಾತ್ರದ ಎರಡೆರಡು ಎಲೆ ಕಂಡವು. ನೀರು ಮೇಲಿಂದ ಹುಯ್ಯುವಂತಿಲ್ಲ. ಹುಯ್ದರೆ ಬುಡ ಕೊಳೆತು ಅಲ್ಲೇ ಮಲಗಿಬಿಡುತ್ತವೆ. ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಬೇಕು. ಹನ್ನೊಂದು ಮೊಳೆತು ನಾಲ್ಕು ಉಳಿದವು. ಹೂ ಬಿಟ್ಟಿದ್ದು ಎರಡನೇ ಬೇಸಿಗೆಗೆ.

ಗಿಡ ಅಂದರೆ ನೀರು, ಗೊಬ್ಬರ, ಅಕ್ಕರೆ ಅನ್ನೋದು ನಮ್ಮ ಲೆಕ್ಕ. ಇದು ಮೆಡಿಟರೇನಿಯನ್ ಕಡೆಯ ಕಲ್ಲುಗುಡ್ಡದ ಗಿಡ, ಅರೆಹೊಟ್ಟೆಯಲ್ಲೇ ಸುಖ. ಹೆಚ್ಚು ಗೊಬ್ಬರ ಬಿದ್ದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ. ನಮ್ಮ ಹಿತ್ತಲಿನ ಜೇಡಿಮಣ್ಣಿಗೆ ಸಣ್ಣ ಜಲ್ಲಿ ಬೆರೆಸಿ, ಆಮೇಲೆ ಕೈ ಕಟ್ಟಿಕೊಂಡು ಕೂತೆ. ಹೂ ಮುಗಿದ ಮೇಲೆ ಹಸಿರು ಇರುವಷ್ಟಕ್ಕೆ ಕತ್ತರಿಸಬೇಕು. ಎಲೆಯಿಲ್ಲದ ಬಲಿತ ಕಾಂಡದವರೆಗೆ ಕತ್ತರಿ ಆಡಿಸಿದರೆ ಅದು ಚಿಗುರುವುದು ಕಷ್ಟ.

ಒಂದು ವಿಷಯದಲ್ಲಿ ಇಲ್ಲಿಯವರ ಪಕ್ಷ ನಾನು. ಗಿಡ ಬಂದರೆ ನಾವು ಕೈಗುಣ ಅನ್ನುತ್ತೇವೆ, ಸತ್ತರೆ ದೃಷ್ಟಿ. ಪಕ್ಕದ ಮನೆಯ ಅಜ್ಜಿ ಗಿಡಗಳ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಸತ್ತ ಗಿಡಕ್ಕೂ ತಾರೀಖಿದೆ. ಆದರೆ ಅವರು ಲ್ಯಾವೆಂಡರ್ ಬೀಜ ಹಾಕಿದ್ದೇ ಇಲ್ಲವಂತೆ! ಅವರದು ಹಿಡ್ಕೋಟ್ ತಳಿ. ಬೀಜದಿಂದ ತಾಯಿಯಂಥದೇ ಗಿಡ ಬರುವ ಭರವಸೆಯಿಲ್ಲ ಅಂತ ಕಡ್ಡಿಯನ್ನೇ ನೆಡುತ್ತಾರೆ. ದಾಸವಾಳದ ಕಡ್ಡಿ ಕಾಂಪೌಂಡ್ ದಾಟಿ ಬಂದ ಹಾಗೆ ನನಗೂ ಎರಡು ಬಂದವು. ಬೀಜದ ಪೊಟ್ಟಣಕ್ಕೆ ದುಡ್ಡು ಸುರಿಯುವ ಮುಂಚೆ ಬೇಲಿಯಾಚೆ ನೋಡಬೇಕಿತ್ತು ಅಂತ ಈಗ ಅನಿಸುತ್ತದೆ.

ಬೆಂಗಳೂರಿನ ತಂಗಿ ಪ್ರತಿ ಸಲ, "ಅಣ್ಣ, ಲ್ಯಾವೆಂಡರ್ ಬೀಜ ತಗೊಂಡು ಬಾ" ಅನ್ನುತ್ತಾಳೆ. ತರುವುದಿಲ್ಲ. ಹೊರದೇಶದಿಂದ ಗಿಡ, ಬೀಜ ತರುವುದರ ಮೇಲಿನ ಕಾಯಿದೆ ಒಂದು ಕಡೆಗಿರಲಿ, ಇಲ್ಲಿಯ ತಳಿಗೆ ಅಲ್ಲಿನ ಚಳಿ ಸಾಲದು, ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಅದರ ಬದಲು ದವನ ಹಾಕು ಅಂದೆ. ಅದೇ ಬೂದುಹಸಿರು ಎಲೆ, ಮುಟ್ಟಿದರೆ ಕೈಗೆಲ್ಲ ಪರಿಮಳ. ಬೀಜ ಧೂಳಿನಷ್ಟು ಸಣ್ಣದು, ಮರಳಲ್ಲಿ ಬೆರೆಸಿ ಚೆಲ್ಲಬೇಕು. ಬೆಂಗಳೂರು, ಕೋಲಾರದ ಕಡೆ ಚಳಿಗಾಲದ ಬೆಳೆ ಅದು. ಕನಕಾಂಬರದ ದಂಡೆಯಲ್ಲಿ ನಡುನಡುವೆ ಒಂದೊಂದು ಎಸಳು ದವನ ಸೇರಿಸಿ ಅಮ್ಮ ಕಟ್ಟುತ್ತಿದ್ದರು.

ತಂಗಿ ಒಪ್ಪಲಿಲ್ಲ. ದವನದ ಮಡಿಯ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲವಂತೆ.